'ಫೋಟೋ' ಸಿನಿಮಾ ಮೇಲು, ಕಾಂತಾರ ಚಾಪ್ಟರ್ 1 ಸುಮಾರು ಅಂದ್ರೆ ಒಪ್ಪುತ್ತೀರಾ?

ಶಹಾಬಾದ್ ಕಲ್ಲು:
ಇಲ್ಲೇ ಕಲಬುರಗಿಯ ಒಂದು ಪೇಪರಿಗೆ ಸಿನಿಮಾ ವಿಮರ್ಶೆ ಬರೆಯುತ್ತೇನೆ. ಅಲ್ಲಿ ಜಾಗ ಕಮ್ಮಿ. ಕಥೆ ಹೇಳಿ, ಹಾಡು ಹೇಗಿದೆ ಅಂತ ಹೇಳುವಷ್ಟರಲ್ಲಿ ಕಾಲಂ ಮುಗಿದಿರುತ್ತದೆ. ಅದಕ್ಕೇ ಇತ್ತೀಚಿನ ಕೆಲವು ಸಿನಿಮಾ ಬಗ್ಗೆ ಇಲ್ಲಿ ಬಿಚ್ಚಿ ಬರೆಯುತ್ತಿದ್ದೇನೆ. ಬೈಯುವವರು ಬೈಯಬಹುದು, ಕಾರಣ ಹೇಳಿ ಬೈಯಿರಿ.

ನಾನು ನೋಡುವುದು ಒಂದೇ. ಸಿನಿಮಾ ಯಾವ ಊರಲ್ಲಿ ನಡೆಯುತ್ತದೋ ಆ ಊರು ಅದಕ್ಕೆ ಗೊತ್ತಿದೆಯಾ? 2022ರ ಕಾಂತಾರಕ್ಕೆ ಗೊತ್ತಿತ್ತು. ಕಂಬಳ, ಭೂತಕೋಲ, ಜಮೀನಿನ ಜಗಳ, ಅರಣ್ಯ ಇಲಾಖೆಯವರ ಜೊತೆ ಗುದ್ದಾಟ, ಎಲ್ಲ ಒಂದೇ ಹಳ್ಳಿಯ ಸಂಕಟವಾಗಿ ಬಂತು. ನಾಯಕಿ ಲೀಲಾ ಪಾತ್ರ ಬರೆದ ರೀತಿ ನನಗೆ ಹಿಡಿಸಲಿಲ್ಲ, ಅದು ಬೇರೆ ಮಾತು. 2025ರ ಅಕ್ಟೋಬರ್ 2ರಂದು ಬಂದ ಚಾಪ್ಟರ್ 1 ಕದಂಬರ ಕಾಲಕ್ಕೆ ಹೋಯಿತು. ಅರಮನೆ, ಯುದ್ಧ, ಬಂದರು, ಕಣ್ಣಿಗೆ ಹಬ್ಬ. ಆದರೆ ಆ ಕಾಡಿನ ಜನ ಏನು ತಿನ್ನುತ್ತಾರೆ, ಯಾವುದಕ್ಕೆ ನಗುತ್ತಾರೆ ಅಂತ ನನಗೆ ಕೊನೆವರೆಗೂ ಗೊತ್ತಾಗಲಿಲ್ಲ. ಸುಮಾರು.

ಸು ಫ್ರಮ್ ಸೋ, 2025ರ ಜುಲೈ. ಒಬ್ಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾಳ ದೆವ್ವ ಬಂದಿದೆ ಅಂತ ಊರಿಗೆ ಊರೇ ನಂಬುತ್ತದೆ, ಇಷ್ಟೇ ಕಥೆ. ದೊಡ್ಡ ಸ್ಟಾರ್ ಇಲ್ಲ. ಆದರೆ ಮೂಲೆಯಲ್ಲಿ ನಿಂತವನೂ ಆ ಊರಿನವನೇ ಅನ್ನಿಸುತ್ತಾನೆ. ಭಾಳ ಚೆನ್ನಾಗಿದೆ.

ಕಾಟೇರ: ಜಾತಿ ಮತ್ತು ಭೂಮಿ ಬಗ್ಗೆ ದೊಡ್ಡ ಸ್ಟಾರ್ ಸಿನಿಮಾ ಮಾತಾಡಿದ್ದು ಒಳ್ಳೆಯದು. ಮಧ್ಯೆ ಮಧ್ಯೆ ಫೈಟು ಬಂದು ರೈತರ ಮಾತನ್ನು ನುಂಗುತ್ತದೆ. ಸಪ್ತ ಸಾಗರದಾಚೆ ಎಲ್ಲೋ: ಎರಡು ಭಾಗದ ಸಿನಿಮಾ, ಸೈಡ್ ಎ ಸಾಕಿತ್ತು, ಸೈಡ್ ಬಿ ಬೇಕಿರಲಿಲ್ಲ. ಯುಐ: ಉಪೇಂದ್ರ ಅವರ ತಲೆ ಓಡುತ್ತದೆ, ಸಿನಿಮಾ ಅದರ ಹಿಂದೆ ಏದುಸಿರು ಬಿಡುತ್ತಾ ಬರುತ್ತದೆ. ಮ್ಯಾಕ್ಸ್: ಒಂದು ರಾತ್ರಿಯ ಕಥೆ, ಟೈಂಪಾಸ್.

ಇವೆಲ್ಲಕ್ಕಿಂತ ನನಗೆ ಮೇಲೆ ಅನ್ನಿಸಿದ್ದು ಉತ್ಸವ್ ಗೋನವಾರ ಅವರ ಫೋಟೋ, 2024ರದ್ದು. ರಾಯಚೂರು ಕಡೆಯ ಹುಡುಗ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಅಂತ ಆಸೆ. ಬೆಂಗಳೂರಲ್ಲಿ ದುಡಿಯುವ ಅಪ್ಪನ ಹತ್ತಿರ ಹೋಗುತ್ತಾನೆ, ಅಷ್ಟರಲ್ಲಿ ಲಾಕ್‌ಡೌನ್. ನಡೆದುಕೊಂಡು ಊರಿಗೆ ಹೊರಡುತ್ತಾರೆ. ನಮ್ಮ ಕಡೆಯ ಗುಳೆ ಏನು ಅಂತ ಬೇರೆ ಯಾವ ಕನ್ನಡ ಸಿನಿಮಾ ಇಷ್ಟು ಹತ್ತಿರದಿಂದ ತೋರಿಸಿದೆ ಹೇಳಿ.

ಬಾಲ್ಕನಿ ಸೀಟು:
ಸರ, ಕನ್ನಡ ಸಿನಿಮಾ ದೇಶ ಪೂರ್ತಿ ಗೆದ್ದರೆ ನಮ್ಮವರಿಗೇ ಹೊಟ್ಟೆ ಉರಿ. ಚಾಪ್ಟರ್ 1 ನೋಡೋಕೆ ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಹೋಗಿದ್ದೆವು. ಕೊನೆಯಲ್ಲಿ ದೈವ ಮೈಮೇಲೆ ಬಂದಾಗ ಅಜ್ಜಿ ಕುಳಿತಲ್ಲೇ ಕೈ ಮುಗಿದರು. ನೀವು ಕಾಡಿನ ಜನ ಏನು ತಿಂದರು ಅಂತ ಕೇಳುತ್ತಿದ್ದೀರಿ. ಥೇಟರಿಗೆ ಊಟದ ಪಟ್ಟಿ ನೋಡೋಕೆ ಹೋಗುತ್ತಾರಾ? ಮತ್ತೆ ಫೋಟೋ ಅಂದ್ರಲ್ಲ, ನಮ್ಮ ಗೆಳೆಯರ ಗುಂಪಿನಲ್ಲಿ ಅದನ್ನು ಥೇಟರಿನಲ್ಲಿ ನೋಡಿದವನು ಒಬ್ಬನೂ ಇಲ್ಲ. ಯಾರೂ ನೋಡದ ಸಿನಿಮಾ ಹೊಗಳೋದು ವಿಮರ್ಶಕರಿಗೆ ಒಂದು ಚಟ.

ತೊಗರಿ ಹೊಲ:
ಅಜ್ಜಿ ಕೈ ಮುಗಿದಿದ್ದು ದೈವಕ್ಕೆ, ಚಿತ್ರಕಥೆಗೆ ಅಲ್ಲ ಅಣ್ಣಾ 😄

ಲೀಲಾ ವಿಷಯವನ್ನು ಸರ 'ಬೇರೆ ಮಾತು' ಅಂತ ಒಂದು ಸಾಲಿನಲ್ಲಿ ಮುಗಿಸಿದರು, ಅದು ನನಗೆ ಸರಿ ಬರಲಿಲ್ಲ. ಓದಿ ಫಾರೆಸ್ಟ್ ಗಾರ್ಡ್ ಆದ ಹುಡುಗಿ. ಅವಳ ಸೊಂಟ ಚಿವುಟುವುದನ್ನು ತಮಾಷೆ ಅಂತ ತೋರಿಸುತ್ತಾರೆ. ಅವಳು ಕೆಲಸ ಮಾಡುವ ಇಲಾಖೆಗೂ ಅವಳ ಊರಿಗೂ ಜಗಳ. ಎಷ್ಟು ದೊಡ್ಡ ಕಥೆ ಅಲ್ಲಿತ್ತು! ಅದನ್ನು ಯಾರೂ ಮುಟ್ಟಲೇ ಇಲ್ಲ. ಚಾಪ್ಟರ್ 1ರಲ್ಲಿ ಆ ವಿಷಯಕ್ಕೆ ಸುಧಾರಣೆ ಇದೆ. ರುಕ್ಮಿಣಿ ವಸಂತ್ ಅವರ ಕನಕವತಿಗೆ ತನ್ನದೇ ಬುದ್ಧಿ, ತನ್ನದೇ ಲೆಕ್ಕಾಚಾರ ಇದೆ. ಹಾಗಾಗಿ ನನಗೆ ಎರಡನೆಯದೇ ಜಾಸ್ತಿ ಹಿಡಿಸಿತು. ಊರು ಗೊತ್ತಿದ್ದರೆ ಸಾಕಾ ಸರ, ಆ ಊರಿನ ಹೆಂಗಸರು ಗೊತ್ತಿರಬೇಡವಾ?

ಬೀದರ್ ಕಾಕಾ:
ನೀವೆಲ್ಲ ಸಿನಿಮಾ ನೋಡಿ ಜಗಳ ಆಡುತ್ತಿದ್ದೀರಿ, ನಮಗೆ ನೋಡೋಕೇ ಸಿಗೋದಿಲ್ಲ. ನಮ್ಮ ಬೀದರಿನಿಂದ ಹೈದರಾಬಾದ್ ಹತ್ತಿರ, ಬೆಂಗಳೂರು ಒಂದು ರಾತ್ರಿಯ ದಾರಿ. ಹಾಗಾಗಿ ತೆಲುಗು, ಹಿಂದಿ ದೊಡ್ಡ ಸಿನಿಮಾ ಬಂದ ವಾರ ಸಣ್ಣ ಕನ್ನಡ ಸಿನಿಮಾಗೆ ಒಂದು ಮಧ್ಯಾಹ್ನದ ಆಟ ಸಿಕ್ಕರೆ ಪುಣ್ಯ. ಮಧ್ಯಾಹ್ನ ಯಾರು ಬರುತ್ತಾರೆ? ಅಂಗಡಿಯವನು ಅಂಗಡಿಯಲ್ಲಿ, ಮಾಸ್ತರ ಸಾಲಿಯಲ್ಲಿ. ಏಪ್ರಿಲ್ ಬಿಸಿಲಿಗೆ ಎಸಿ ಇದೆ ಅಂತ ಬಂದು ಮಲಗುವವರು ನಾಲ್ಕು ಮಂದಿ. ಮಂದಿ ಬರಲಿಲ್ಲ ಅಂತ ಸೋಮವಾರ ಸಿನಿಮಾ ತೆಗೆಯುತ್ತಾರೆ. ಬಾಲ್ಕನಿ ತಮ್ಮಾ, ಯಾರೂ ನೋಡಲಿಲ್ಲ ಅನ್ನುವ ಮೊದಲು ಎಲ್ಲಿ ತೋರಿಸಿದರು ಅಂತ ಕೇಳು.

ಟಿಕೆಟ್ ದರದ್ದೂ ಹಂಗೇ ಆಯಿತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಅಂತ ನಿಯಮ ಮಾಡಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಐದು ಮಂದಿ ಮನೆಯವರು ಹೋದರೆ ಟಿಕೆಟ್, ಪಾಪ್‌ಕಾರ್ನ್, ಆಟೋ ಸೇರಿ ಒಂದು ವಾರದ ಸಂತೆ ಆಗುತ್ತದೆ. ಅಷ್ಟು ಖರ್ಚು ಮಾಡುವವನು ಯುದ್ಧ, ಅರಮನೆ ಇರುವ ಸಿನಿಮಾಗೇ ಹೋಗುತ್ತಾನೆ. ಅವನ ತಪ್ಪೇನು?

ಬಾಲ್ಕನಿ ಸೀಟು:
ಕಾಕಾ, ಸು ಫ್ರಮ್ ಸೋಗೂ ಮೊದಲು ಕಮ್ಮಿ ಆಟ ಕೊಟ್ಟಿದ್ದರು. ಮಂದಿ ಬಾಯಿಂದ ಬಾಯಿಗೆ ಹೇಳಿದರು, ಆಟ ಹೆಚ್ಚಾದವು. ಚೆನ್ನಾಗಿದ್ದರೆ ಓಡುತ್ತದೆ. ಸುಮ್ನೆ ಥೇಟರಿನವರ ಮೇಲೆ ಹಾಕಬೇಡಿ.

ಶಹಾಬಾದ್ ಕಲ್ಲು:
ಸು ಫ್ರಮ್ ಸೋ ನಗಿಸುವ ಸಿನಿಮಾ. ನಕ್ಕವನು ಹೊರಗೆ ಬಂದು ನಾಲ್ಕು ಮಂದಿಗೆ ಹೇಳುತ್ತಾನೆ. ಫೋಟೋ ನೋಡಿ ಬಂದವನು ಮಾತಾಡದೆ ಮನೆಗೆ ಹೋಗುತ್ತಾನೆ. ಬಾಯಿ ಮಾತಿನ ಪ್ರಚಾರ ಎಲ್ಲ ಸಿನಿಮಾಗೂ ಒಂದೇ ಥರ ಕೆಲಸ ಮಾಡುವುದಿಲ್ಲ. ಓಡಿದ್ದು, ಓಡದಿದ್ದು ಬರೆಯೋಕೆ ವ್ಯಾಪಾರದ ಪುಟ ಇದೆ, ನನ್ನ ಕೆಲಸ ಅದಲ್ಲ.

ತೊಗರಿ ಹೊಲ, ನಿಮ್ಮ ಮಾತಿಗೆ ಉತ್ತರ: ಹೆಂಗಸರು ಗೊತ್ತಿಲ್ಲದಿದ್ದರೆ ಊರೂ ಅರ್ಧವೇ ಗೊತ್ತು, ಒಪ್ಪಿದೆ. ಆದರೆ ಕನಕವತಿ ಪಾತ್ರದ ತಿರುವು ನನಗೆ ಚಿತ್ರಕಥೆಯ ಅನುಕೂಲಕ್ಕೆ ಬಂದ ಹಾಗೆ ಕಂಡಿತು. ಸು ಫ್ರಮ್ ಸೋದಲ್ಲಿ ನೋಡಿ, ಸುಲೋಚನಾಳ ಮಗಳು ಬಂದ ಮೇಲೆ ಇಷ್ಟೊತ್ತು ನಾವು ಯಾವುದಕ್ಕೆ ನಗುತ್ತಿದ್ದೆವು ಅಂತ ಒಮ್ಮೆ ಗಂಟಲು ಕಟ್ಟುತ್ತದೆ. ಅಂಥ ತಿರುವಿಗೆ ಅರಮನೆ ಬೇಕಿಲ್ಲ.

ಸುರಪುರ ಮಾಸ್ತರ್:
ನಾನು ತಡವಾಗಿ ಬಂದೆ, ಆದರೆ ಎರಡು ವಿಷಯ ಹೇಳಲೇಬೇಕು.

ಒಂದು, ಕಾಟೇರ. ಫೈಟು ಜಾಸ್ತಿ ಅನ್ನೋದು ಬರೋಬರಿ. ಆದರೆ ಉಳುವವನೇ ಒಡೆಯ ಅನ್ನುವ ಕಾನೂನು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಬಂತು ಅಂತ ಪಾಠ ಮಾಡಿದರೆ ನನ್ನ ಹುಡುಗರು ಆಕಳಿಸುತ್ತಾರೆ. ಆ ಸಿನಿಮಾ ಬಂದ ಮೇಲೆ ಹಿಂದಿನ ಬೆಂಚಿನವನೊಬ್ಬ ಎದ್ದು, 'ಸರ, ನಮ್ಮ ಮುತ್ಯಾನ ಹೊಲ ಹಂಗೇ ಬಂದದ್ದಾ?' ಅಂತ ಕೇಳಿದ. ಫೈಟು ಇರದಿದ್ದರೆ ಅವನು ಸಿನಿಮಾಗೇ ಹೋಗುತ್ತಿರಲಿಲ್ಲ. ನಮ್ಮ ಭಾಗದ ಭೂಮಿಯ ಕಥೆ ಇನ್ನೂ ಬೇರೆ. 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಆಳ್ವಿಕೆ, ಮರುವರ್ಷ ಜಾಗೀರು, ಅಂದರೆ ನಿಜಾಮರು ತಮ್ಮವರಿಗೆ ಬಿಟ್ಟುಕೊಟ್ಟ ಊರುಗಳ ಒಡೆತನ, ರದ್ದು. ಅದನ್ನು ಯಾರೂ ಸಿನಿಮಾ ಮಾಡಿಲ್ಲ ಅಂತ ನೀವು ವಿಮರ್ಶಕರು ಒಮ್ಮೆಯಾದರೂ ಬರೆದಿದ್ದೀರಾ? ನಮ್ಮ ಸುರಪುರದ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತಿದ್ದು 1858ರಲ್ಲಿ. ಕುದುರೆ, ಕೋಟೆ, ಕಾಳಗ ಎಲ್ಲ ಇದೆ. ಬಾಲ್ಕನಿ ತಮ್ಮನಿಗೆ ಬೇಕಾದ್ದೂ ಇದೆ, ನಿಮಗೆ ಬೇಕಾದ ಊರೂ ಇದೆ.

ಎರಡು, ಸೈಡ್ ಬಿ ಬೇಕಿರಲಿಲ್ಲ ಅಂದ್ರಲ್ಲ, ಅದು ತಪ್ಪು. ಸೈಡ್ ಎನಲ್ಲಿ ನಾಯಕ ಮನು ತನ್ನ ಮಾಲೀಕನ ಮಗನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಮನೆ ಕಟ್ಟಬೇಕು, ಪ್ರಿಯಾಳ ಜೊತೆ ಬಾಳಬೇಕು ಅಂತ ಆಸೆ. ಅಲ್ಲಿಗೇ ನಿಲ್ಲಿಸಿದರೆ ಅದು ಪ್ರೇಮಿಗಳು ಅಗಲಿದ ಇನ್ನೊಂದು ಕಥೆ ಅಷ್ಟೇ. ಜೈಲಿನಿಂದ ಬಂದವನು ಅದೇ ಆಸೆಯನ್ನು ಹಿಡಿದು ಅವಳ ಮನೆಯ ಸುತ್ತ ಸುಳಿಯುತ್ತಾನಲ್ಲ, ಆಗ ಪ್ರೇಮವೇ ಭಯ ಹುಟ್ಟಿಸುತ್ತದೆ. ಮೊದಲ ಭಾಗದ ನೀಲಿ ಹೋಗಿ ಎರಡರಲ್ಲಿ ಕೆಂಪು ತುಂಬುವುದು ಸುಮ್ನೆ ಅಲ್ಲ.

ತೊಗರಿ ಹೊಲ:
ಮಾಸ್ತರ ಸರ, ನೀವು ಭಯ ಅಂದಿರಿ, ಆದರೆ ಸಿನಿಮಾ ಅವನ ಮೇಲೆ ಕನಿಕರ ಪಡು ಅಂತಲೇ ಹೇಳುತ್ತದೆ. ಗಂಡ, ಮಗು ಇರುವ ಹೆಣ್ಣಿನ ಮನೆ ಹೊರಗೆ ಒಬ್ಬ ದಿನಾ ನಿಂತರೆ ನಮ್ಮ ಯಾದಗಿರಿಯಲ್ಲಿ ಜನ ಸಂಗೀತ ಹಾಕುವುದಿಲ್ಲ, ಪೊಲೀಸರಿಗೆ ಫೋನ್ ಹಾಕುತ್ತಾರೆ. ಚರಣ್ ರಾಜ್ ಅವರ ಸಂಗೀತ ಅಷ್ಟು ಚೆನ್ನಾಗಿರುವುದೇ ತೊಂದರೆ. ಅದು ನಮ್ಮ ಬಾಯಿ ಮುಚ್ಚಿಸುತ್ತದೆ.

ಊರಿನ ಮಾತು ಬಂತಲ್ಲ, ನನ್ನ ದೊಡ್ಡ ಸಿಟ್ಟು ಇದು. ಕರಾವಳಿ ಕನ್ನಡ ತೆರೆ ಮೇಲೆ ಬಂದರೆ ವಿಮರ್ಶಕರು ಸೊಗಡು, ಮಣ್ಣಿನ ವಾಸನೆ ಅಂತ ಬರೆಯುತ್ತಾರೆ. ನಮ್ಮ ಕನ್ನಡ ಬಂದರೆ ಒಬ್ಬ ವಾಚ್‌ಮನ್, ಒಬ್ಬ ಕೂಲಿ, ಒಬ್ಬ ರೌಡಿಯ ಬಲಗೈ ಬಂಟ. ಬಂದ, ಕೂಗಿದ, ಮಂದಿ ನಕ್ಕರು, ಹೋದ. ಅದೂ ಧಾರವಾಡ ಸ್ವಲ್ಪ, ವಿಜಯಪುರ ಸ್ವಲ್ಪ ಕಲಸಿದ ಮಾತು. ಕಲಬುರಗಿಯವರು ದಖನಿ ಉರ್ದು ಬೆರೆಸಿ ಮಾತಾಡುವ ಲಯ ಬೆಂಗಳೂರಿನ ಬರಹಗಾರರಿಗೆ ಗೊತ್ತೇ ಇಲ್ಲ. ಇಲ್ಲೇ ಕಲಬುರಗಿಯಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಇದೆ, ನಟರಿದ್ದಾರೆ, ಕರೆದು ಕೇಳಿದರೆ ಆಗುತ್ತದಲ್ವಾ?

ಬೀದರ್ ಕಾಕಾ:
ತಂಗಿ ಹೇಳಿದ್ದು ನೂರಕ್ಕೆ ನೂರು ಖರೇ. ಸಿನಿಮಾ ರೌಡಿಯ ಬಂಟ ಮಾತಾಡುವ ಕನ್ನಡ ನಮ್ಮ ಮೂರು ಜಿಲ್ಲೆಯ ಯಾವ ಓಣಿಯಲ್ಲೂ ನಾನು ಕೇಳಿಲ್ಲ.

ಬಾಲ್ಕನಿ ಸೀಟು:
ಇದಕ್ಕೆ ನನ್ನದೂ ಒಂದು ವೋಟು. ಆದರೆ ಯುಐ ಬಗ್ಗೆ ಯಾರೂ ಮಾತಾಡಲಿಲ್ಲ. ಆ ಸಿನಿಮಾದ ಒಳಗೇ ಒಬ್ಬ ವಿಮರ್ಶಕ ಇದ್ದಾನೆ, ಸಿನಿಮಾ ನೋಡಿ ಏನು ಬರೆಯಬೇಕು ಅಂತ ಗೊತ್ತಾಗದೆ ಒದ್ದಾಡುತ್ತಾನೆ. ಸರ ಅದನ್ನು ನೋಡಿ ಉರಿದುಕೊಂಡು ಒಂದೇ ಸಾಲು ಬರೆದಂತಿದೆ 😂

ಶಹಾಬಾದ್ ಕಲ್ಲು:
ಆ ಪಾತ್ರ ನೋಡಿ ನಾನೇ ಜಾಸ್ತಿ ನಕ್ಕೆ ತಮ್ಮಾ. 2024ರ ಡಿಸೆಂಬರಿನಲ್ಲಿ ಬಂದಾಗ ಮಂದಿ ಹೊರಗೆ ನಿಂತು ಅರ್ಥ ಬಿಡಿಸುತ್ತಿದ್ದರು, ಅದು ಒಳ್ಳೆಯದೇ. ನನ್ನ ತಕರಾರು ಇಷ್ಟೇ. ಅದರಲ್ಲಿ ಪಾತ್ರಗಳಿಲ್ಲ, ಸಂಕೇತಗಳಿವೆ. ಒಬ್ಬ ಜಾತಿಯ ಸಂಕೇತ, ಇನ್ನೊಬ್ಬ ಅಧಿಕಾರದ ಸಂಕೇತ. ಯಾರಿಗೂ ಹಸಿವಾಗುವುದಿಲ್ಲ. ಮತ್ತೆ ಊಟದ ಪಟ್ಟಿ ಅಂತ ನೀನು ನಗುತ್ತೀ, ನಗು.

ಮಾಸ್ತರ ಸರ, ಸೈಡ್ ಬಿ ವಿಷಯದಲ್ಲಿ ನಾನು ತೊಗರಿ ಹೊಲ ಅವರ ಕಡೆ. ಕಾಟೇರ ಬಗ್ಗೆ ಹೇಳುವುದಾದರೆ, ನಿಮ್ಮ ಹುಡುಗ ಕೇಳಿದ ಪ್ರಶ್ನೆ ಆ ಸಿನಿಮಾಕ್ಕೆ ಸಿಕ್ಕ ದೊಡ್ಡ ಹೊಗಳಿಕೆ. ಅದಕ್ಕಾಗಿ ಫೈಟುಗಳನ್ನು ಮಾತ್ರ ಮಾಫಿ ಮಾಡುವುದಿಲ್ಲ.

ಸುರಪುರ ಮಾಸ್ತರ್:
ಮಾಡಬೇಡಿ. ಆದರೆ ಮುಂದಿನ ವಾರ ಪೇಪರಿನಲ್ಲಿ ಜಾಗೀರಿನ ಸಿನಿಮಾ ಯಾಕಿಲ್ಲ ಅಂತ ಬರೆಯಿರಿ. ಕಥೆ ಹೇಳೋಕೆ ಜಾಗ ಹೋಗುವುದಿಲ್ಲ, ಸಿನಿಮಾನೇ ಇಲ್ಲವಲ್ಲ.