ಇಯರ್‌ಬಡ್ ‘ಕನೆಕ್ಟೆಡ್’ ಎನ್ನುತ್ತದೆ, ಫೋನ್ ಮಾತ್ರ ಇಲ್ಲ ಎನ್ನುತ್ತದೆ

ಪ್ರಶ್ನೆ

ಧ್ವನಿಮುದ್ರಣಗಳನ್ನು ಕೇಳಿ ಅಕ್ಷರಕ್ಕೆ ಇಳಿಸುವುದು ನನ್ನ ಕೆಲಸ. ಸಂದರ್ಶನ, ಉಪನ್ಯಾಸ, ಸಭೆಯ ನಡಾವಳಿ ಹೀಗೆ ಏನಾದರೊಂದು ಇದ್ದೇ ಇರುತ್ತದೆ, ದಿನಕ್ಕೆ ಐದಾರು ಗಂಟೆ ಇಯರ್‌ಬಡ್ ಕಿವಿಯಲ್ಲೇ ಇರುತ್ತದೆ. ಒಂದೂವರೆ ವರ್ಷದಿಂದ ಬಳಸುತ್ತಿರುವ ಜೋಡಿ ಇದು. ಡಬ್ಬಿಯ ಮುಚ್ಚಳ ತೆರೆದರೆ ಸಾಕು, ತಾನಾಗಿಯೇ ಫೋನಿಗೆ ಸೇರಿಕೊಳ್ಳುತ್ತಿತ್ತು. ಹತ್ತು ದಿನಗಳಿಂದ ಅದು ನಿಂತುಹೋಗಿದೆ.

ಬ್ಲೂಟೂತ್ ಪಟ್ಟಿಯಲ್ಲಿ ಇಯರ್‌ಬಡ್‌ನ ಹೆಸರು ಇರುತ್ತಿತ್ತು. ಒತ್ತಿದರೆ ‘ಸಂಪರ್ಕಿಸಲಾಗುತ್ತಿದೆ’ ಎಂದು ಸ್ವಲ್ಪ ಹೊತ್ತು ತೋರಿಸಿ, ನಂತರ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂದು ಕೈಚೆಲ್ಲುತ್ತಿತ್ತು. ವಿಚಿತ್ರವೆಂದರೆ ಅದೇ ಹೊತ್ತಿಗೆ ಕಿವಿಯಲ್ಲಿ ‘ಕನೆಕ್ಟೆಡ್’ ಎಂಬ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ಸಂಜೆ ನಡೆಯಲು ಹೊರಗೆ ಹೋದಾಗ ಮೊದಲಿನಂತೆಯೇ ಕೂಡಲೇ ಸೇರಿಕೊಳ್ಳುತ್ತಿತ್ತು. ಮನೆಗೆ ಬಂದು ಡಬ್ಬಿಗೆ ಹಾಕಿ ಮತ್ತೆ ತೆಗೆದರೆ ಹಳೆಯ ಕಥೆ.

ನಾಲ್ಕು ದಿನಗಳ ಹಿಂದೆ, ಹೊಸದಾಗಿ ಜೋಡಿಸಿದರೆ ಸರಿಹೋಗಬಹುದು ಎಂದುಕೊಂಡು ಫೋನಿನಲ್ಲಿ ‘ಮರೆತುಬಿಡಿ’ ಒತ್ತಿದೆ. ಅಂದಿನಿಂದ ಪಟ್ಟಿಯಲ್ಲಿ ಹೆಸರೇ ಕಾಣುತ್ತಿಲ್ಲ. ಹೊರಗೆ ಹೋದರೂ ಸೇರುತ್ತಿಲ್ಲ. ಫೋನನ್ನು ಆರಿಸಿ ಹಚ್ಚಿದ್ದಾಯಿತು, ಡಬ್ಬಿಯನ್ನು ರಾತ್ರಿಯಿಡೀ ಚಾರ್ಜ್‌ಗೆ ಇಟ್ಟಿದ್ದಾಯಿತು.

ಹೊಸದನ್ನು ಕೊಂಡುಬಿಡು ಎಂದು ಮನೆಯವರು ಹೇಳುತ್ತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ. ಈ ಜೋಡಿಯಲ್ಲಿ ಮಾತು ಬಹಳ ಸ್ಪಷ್ಟವಾಗಿ ಕೇಳಿಸುತ್ತದೆ. ಈಗ ಕೈಯಲ್ಲಿರುವುದು ವಯಸ್ಸಾದವರೊಬ್ಬರ ನೆನಪುಗಳ ಮುದ್ರಣ. ವಾಕ್ಯದ ಕೊನೆಯಲ್ಲಿ ಅವರ ದನಿ ಇಳಿದುಹೋಗುತ್ತದೆ. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ‘ಬಂದಿದ್ದೆ’ ಎಂದರೋ ‘ಬಂದಿದ್ದ’ ಎಂದರೋ ತಿಳಿಯುವುದಿಲ್ಲ. ಆ ಒಂದು ಸ್ವರದಿಂದ ಬಂದವರು ಯಾರು ಎಂಬುದೇ ಬದಲಾಗಿಬಿಡುತ್ತದೆ. ಫೋನಿನಲ್ಲಿ ತಂತಿಯ ಇಯರ್‌ಫೋನ್ ಚುಚ್ಚುವ ಕಿಂಡಿಯೂ ಇಲ್ಲ. ಆಂಡ್ರಾಯ್ಡ್ ಫೋನ್. ಎಲ್ಲಿಂದ ಶುರುಮಾಡಲಿ?

ಉತ್ತರ 1

ಹೊರಗೆ ಸರಿಯಾಗಿದ್ದು ಮನೆಯೊಳಗೆ ಕೈಕೊಡುತ್ತಿತ್ತು ಎಂದರೆ ವೈ-ಫೈ ಅಡ್ಡಿಪಡಿಸುತ್ತಿರಬೇಕು. ವೈ-ಫೈ, ಬ್ಲೂಟೂತ್ ಎರಡೂ 2.4 ಗಿಗಾಹರ್ಟ್ಜ್ ಆವರ್ತನ ಪಟ್ಟಿಯನ್ನೇ ಬಳಸುತ್ತವೆ. ರೌಟರನ್ನು 5 ಗಿಗಾಹರ್ಟ್ಜ್‌ಗೆ ಬದಲಿಸಿ ನೋಡಿ. ಅದರಿಂದಲೂ ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ರೀಸೆಟ್ ಮಾಡಿ. ನನ್ನ ಫೋನಿನಲ್ಲಿ ಒಮ್ಮೆ ಅದರಿಂದಲೇ ಸರಿಹೋಗಿತ್ತು.

ಉತ್ತರ 2

ನೆಟ್‌ವರ್ಕ್ ರೀಸೆಟ್ ಈಗಲೇ ಮಾಡಬೇಡಿ. ಫೋನಿನಲ್ಲಿ ಉಳಿಸಿಟ್ಟ ವೈ-ಫೈ ಪಾಸ್‌ವರ್ಡ್‌ಗಳೂ ಉಳಿದೆಲ್ಲ ಬ್ಲೂಟೂತ್ ಜೋಡಣೆಗಳೂ ಅದರಿಂದ ಅಳಿಸಿಹೋಗುತ್ತವೆ. ಅದು ಕೊನೆಯ ಅಸ್ತ್ರ, ಮತ್ತು ನಿಮಗೆ ಅದರ ಅಗತ್ಯ ಬೀಳಲಾರದು.

ರಿಪೇರಿ ಮೇಜಿನ ಮುಂದೆ ವರ್ಷಗಟ್ಟಲೆ ಕೂತವನು ನಾನು. ‘ಸಂಪರ್ಕ ಆಗುತ್ತಿಲ್ಲ’ ಎಂದು ಬರುತ್ತಿದ್ದ ಇಯರ್‌ಬಡ್‌ಗಳಲ್ಲಿ ನಿಜವಾಗಿ ಕೆಟ್ಟವು ಕಡಿಮೆ. ಚೆನ್ನಾಗಿರುವುದನ್ನೇ ಜನ ಎಸೆಯುವುದನ್ನು ಕಂಡಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ವೈ-ಫೈ ವಿಚಾರ. ತರಂಗಗಳ ಅಡಚಣೆ ಇದ್ದರೆ ಹಾಡು ತುಂಡಾಗುತ್ತದೆ, ದನಿ ತಡವರಿಸುತ್ತದೆ, ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಪ್ರತಿಸಲವೂ ಬಾಗಿಲಲ್ಲೇ ತಡೆದು ನಿಲ್ಲಿಸುವುದು ಅದರ ಲಕ್ಷಣವಲ್ಲ. ಹಾಡು ಕೇಳಿಸುವ ಬ್ಲೂಟೂತ್ ಆ ಆವರ್ತನ ಪಟ್ಟಿಯನ್ನು 79 ಚಾನೆಲ್‌ಗಳಾಗಿ ಹಂಚಿಕೊಂಡು ಸೆಕೆಂಡಿಗೆ 1600 ಬಾರಿಯವರೆಗೂ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ವೈ-ಫೈ ತುಂಬಿರುವ ಚಾನೆಲ್‌ಗಳನ್ನು ಗುರುತಿಸಿ ಬದಿಗಿಡುವ ಜಾಣ್ಮೆಯೂ ಅದಕ್ಕಿದೆ. ಪಕ್ಕದಲ್ಲೇ ಇರುವ ಫೋನಿಗೆ ಸೇರದಷ್ಟು ಅಡ್ಡಿಯನ್ನು ಒಂದು ರೌಟರ್ ತರುವುದು ಅಪರೂಪ.

ನಿಮ್ಮ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ‘ಕನೆಕ್ಟೆಡ್’ ಎಂಬ ದನಿ. ಇಯರ್‌ಬಡ್ ಹೇಳುತ್ತಿರುವುದು ನಿಜ. ಅದು ಯಾವುದೋ ಸಾಧನಕ್ಕೆ ಸೇರಿಕೊಂಡಿದೆ, ಆದರೆ ಆ ಸಾಧನ ನಿಮ್ಮ ಫೋನ್ ಅಲ್ಲ. ಡಬ್ಬಿಯಿಂದ ಹೊರಬಂದ ಕ್ಷಣ ಇಯರ್‌ಬಡ್ ತನಗೆ ಗುರುತಿರುವ ಸಾಧನಗಳನ್ನು ಹುಡುಕುತ್ತದೆ. ಯಾವುದು ಮೊದಲು ಓಗೊಡುತ್ತದೆಯೋ ಅದರ ಜೊತೆ ಹೋಗುತ್ತದೆ. ಎರಡು ಸಾಧನಗಳಿಗೆ ಒಟ್ಟಿಗೆ ಸೇರಬಲ್ಲ ಮಾದರಿಗಳೂ ಇವೆ, ಆದರೆ ನಿಮ್ಮದು ಒಂದಕ್ಕೇ ಸೇರುವಂಥದ್ದು ಎಂದು ತೋರುತ್ತದೆ. ಹೊರಗೆ ಹೋದಾಗ ಆ ಇನ್ನೊಂದು ಸಾಧನ ಮನೆಯಲ್ಲೇ ಉಳಿಯುತ್ತಿತ್ತು, ಫೋನಿಗೆ ಪೈಪೋಟಿ ಇರುತ್ತಿರಲಿಲ್ಲ. ಹಳೆಯ ಫೋನ್, ಲ್ಯಾಪ್‌ಟಾಪ್, ಟಿ.ವಿ., ಟ್ಯಾಬ್ಲೆಟ್, ಮನೆಯಲ್ಲಿ ಬ್ಲೂಟೂತ್ ಇರುವ ಎಲ್ಲವನ್ನೂ ನೆನಪು ಮಾಡಿಕೊಳ್ಳಿ. ಪರದೆ ಆರಿದ್ದರೂ ಸಂಪರ್ಕ ನಡೆಯುತ್ತದೆ.

ಇನ್ನು ‘ಮರೆತುಬಿಡಿ’ ಒತ್ತಿದ ಮೇಲೆ ಕಷ್ಟ ಹೆಚ್ಚಾದದ್ದು ಏಕೆ? ಮೊದಲ ಸಲ ಜೋಡಿಸುವಾಗ ಫೋನೂ ಇಯರ್‌ಬಡ್ಡೂ ಸೇರಿ ಒಂದು ಗುಪ್ತ ಕೀಲಿಯನ್ನು ಮಾಡಿಕೊಳ್ಳುತ್ತವೆ. 128 ಬಿಟ್‌ಗಳ ಒಂದು ಸಂಖ್ಯೆ ಅದು, ಇಬ್ಬರ ಬಳಿಯೂ ಒಂದೊಂದು ಪ್ರತಿ ಇರುತ್ತದೆ. ಮುಂದೆ ಸೇರುವಾಗಲೆಲ್ಲ ಆ ಎರಡು ಪ್ರತಿಗಳು ತಾಳೆಯಾಗಬೇಕು. ನೀವು ಅಳಿಸಿದ್ದು ಫೋನಿನ ಬಳಿಯಿದ್ದ ಪ್ರತಿಯನ್ನು ಮಾತ್ರ. ಇಯರ್‌ಬಡ್‌ಗೆ ಫೋನಿನ ಪರಿಚಯ ಇನ್ನೂ ಇದೆ, ಫೋನಿಗೆ ಅದು ಅಪರಿಚಿತ. ಜೋಡಣೆಯ ಸ್ಥಿತಿಗೆ ತರುವವರೆಗೂ ಇಯರ್‌ಬಡ್ ಹೊಸಬರ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಪಟ್ಟಿಯಲ್ಲಿ ಹೆಸರಿಲ್ಲ. ಎರಡೂ ಕಡೆ ಅಳಿಸಿದರೆ ಮಾತ್ರ ಹೊಸ ಪರಿಚಯ ಶುದ್ಧವಾಗಿ ಶುರುವಾಗುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಆದ್ದರಿಂದ ಮೊದಲು ಆ ಇನ್ನೊಂದು ಸಾಧನವನ್ನು ಪತ್ತೆಮಾಡಿ, ಅಲ್ಲಿಯೂ ‘ಮರೆತುಬಿಡಿ’ ಒತ್ತಿ ಬ್ಲೂಟೂತ್ ಆರಿಸಿ. ನಂತರ ಎರಡೂ ಬಡ್‌ಗಳನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ತೆರೆದೇ ಇಟ್ಟು, ಡಬ್ಬಿಯ ಗುಂಡಿಯನ್ನು ದೀಪದ ಬಣ್ಣವೋ ಮಿಣುಕುವ ಬಗೆಯೋ ಬದಲಾಗುವವರೆಗೆ ಒತ್ತಿಹಿಡಿಯಿರಿ. ಇಯರ್‌ಬಡ್ ಕಡೆಯ ನೆನಪನ್ನು ಅಳಿಸುವ ರೀಸೆಟ್ ಇದೇ. ಹಲವು ಮಾದರಿಗಳಲ್ಲಿ 10ರಿಂದ 15 ಸೆಕೆಂಡ್ ಬೇಕಾಗುತ್ತದೆ. ಗುಂಡಿ ಇಲ್ಲದ ಮಾದರಿಗಳಲ್ಲಿ ಬಡ್‌ಗಳನ್ನೇ ಒತ್ತಿಹಿಡಿಯಬೇಕು. ಕೈಪಿಡಿಯಲ್ಲಿ ಬರೆದಿರುತ್ತದೆ, ದಯವಿಟ್ಟು ಅದನ್ನೇ ಅನುಸರಿಸಿ. ಆಮೇಲೆ ಫೋನಿನ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಂಡು, ಒಂದರ ಮುಂದೆ ‘ಎಲ್‌ಇ’ (ಲೋ ಎನರ್ಜಿ, ಅಂದರೆ ಕಡಿಮೆ ವಿದ್ಯುತ್ತಿನ ಬ್ಲೂಟೂತ್) ಎಂದಿದ್ದರೆ ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿ. ಸೇರಿದ ಮೇಲೂ ದನಿ ಬಾರದಿದ್ದರೆ ಹೆಸರಿನ ಪಕ್ಕದ ಚಕ್ರದ ಗುರುತನ್ನು ಒತ್ತಿ, ಅಲ್ಲಿ ಮಾಧ್ಯಮ ಆಡಿಯೊ ಆನ್ ಆಗಿದೆಯೇ ನೋಡಿ.

ಪ್ರಶ್ನೆ ಕೇಳಿದವರು

ಸಿಕ್ಕಿತು! ಮಗಳ ಟ್ಯಾಬ್ಲೆಟ್. ಅವಳ ಹೆಡ್‌ಫೋನಿನ ತಂತಿ ಕಿತ್ತುಹೋದಾಗ ಒಂದು ಪಾಠ ಕೇಳಲೆಂದು ನಾನೇ ಇದನ್ನು ಜೋಡಿಸಿಕೊಟ್ಟಿದ್ದೆ. ಲೆಕ್ಕ ಹಾಕಿದರೆ ಸರಿಯಾಗಿ ಹತ್ತು ದಿನಗಳ ಹಿಂದೆ. ಅರ್ಧ ಗಂಟೆಯ ಮಾತು, ಮರೆತೇಹೋಗಿತ್ತು. ಟ್ಯಾಬ್ಲೆಟ್ ಪಕ್ಕದ ಕೋಣೆಯಲ್ಲಿ, ಪುಸ್ತಕದ ಚೀಲದೊಳಗೆ, ಪರದೆ ಆರಿ ಮಲಗಿತ್ತು. ನಾನು ಇಲ್ಲಿ ಡಬ್ಬಿ ತೆರೆದೆ, ಕಿವಿಯಲ್ಲಿ ‘ಕನೆಕ್ಟೆಡ್’ ಎಂದಿತು. ಓಡಿಹೋಗಿ ಚೀಲದಿಂದ ತೆಗೆದು ನೋಡಿದರೆ ಅದರ ಬ್ಲೂಟೂತ್ ಪಟ್ಟಿಯಲ್ಲಿ ಇದೇ ಇಯರ್‌ಬಡ್‌ನ ಹೆಸರಿನ ಕೆಳಗೆ ‘ಸಂಪರ್ಕಗೊಂಡಿದೆ’ ಎಂದಿತ್ತು. ಇಷ್ಟು ದಿನ ನಾನು ಫೋನನ್ನು ಬೈದದ್ದೆಲ್ಲ ವ್ಯರ್ಥ.

ಟ್ಯಾಬ್ಲೆಟ್‌ನಲ್ಲಿ ಅಳಿಸಿ, ನೀವು ಹೇಳಿದಂತೆ ಗುಂಡಿ ಒತ್ತಿಹಿಡಿದೆ. ಹನ್ನೆರಡನೆಯ ಸೆಕೆಂಡಿಗೆ ಬಿಳಿಯ ದೀಪ ಕೆಂಪಾಗಿ ಮೂರು ಸಲ ಮಿಣುಕಿತು. ಫೋನಿನಲ್ಲಿ ಹೆಸರು ಬಂತು, ಒತ್ತಿದೆ, ಸೇರಿತು. ಆದರೆ ಬಲಗಿವಿಯಲ್ಲಿ ಮಾತ್ರ ದನಿ ಇದೆ. ಎಡದ್ದು ಸುಮ್ಮನಿದೆ. ಮೊದಲು ಎರಡೂ ಚೆನ್ನಾಗಿದ್ದವು. ರೀಸೆಟ್‌ನಿಂದ ಏನಾದರೂ ಕೆಡಿಸಿಬಿಟ್ಟೆನೇ?

ಉತ್ತರ 3

ಕೆಡಿಸಿಲ್ಲ. ನನಗೂ ಹೀಗೇ ಆಗಿತ್ತು, ಹಾಗಾಗಿ ಬರೆಯುತ್ತಿದ್ದೇನೆ.

ಎಡ ಮತ್ತು ಬಲ ಬಡ್‌ಗಳು ಪರಸ್ಪರ ಪರಿಚಯವನ್ನೂ ಇಟ್ಟುಕೊಂಡಿರುತ್ತವೆ. ಗುಂಡಿ ಡಬ್ಬಿಯ ಮೇಲಿರುವ ಮಾದರಿಗಳಲ್ಲಿ ರೀಸೆಟ್ ಆದೇಶ ಬಡ್‌ಗೆ ತಲುಪುವುದು ಚಾರ್ಜ್ ಆಗುವ ಆ ಪುಟ್ಟ ಲೋಹದ ಚುಕ್ಕಿಗಳ ಮೂಲಕ. ಎಡದ್ದರ ಚುಕ್ಕಿಗಳು ಡಬ್ಬಿಯ ಪಿನ್‌ಗಳಿಗೆ ಸರಿಯಾಗಿ ತಾಗದಿದ್ದರೆ ಬಲದ್ದು ಮಾತ್ರ ಹೊಸದಾಗುತ್ತದೆ, ಎಡದ್ದು ಹಳೆಯ ನೆನಪಿನಲ್ಲೇ ಉಳಿಯುತ್ತದೆ. ಆಗ ಒಂದನ್ನೊಂದು ಗುರುತಿಸುವುದಿಲ್ಲ. ಡಬ್ಬಿಯಲ್ಲಿಟ್ಟಾಗ ಎಡ ಬಡ್‌ನ ದೀಪ ಹತ್ತುತ್ತದೆಯೇ ನೋಡಿ. ಹತ್ತದಿದ್ದರೆ ಬೆಳಕಿಗೆ ಹಿಡಿದು ಆ ಚುಕ್ಕಿಗಳನ್ನು ಪರೀಕ್ಷಿಸಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಸ್ವಚ್ಛಮಾಡುವ ಬಗೆಯನ್ನು ಮಾತ್ರ ನಾನು ಸೇರಿಸುತ್ತೇನೆ, ಇಲ್ಲಿ ಅವಸರಪಟ್ಟು ಹಾಳುಮಾಡಿಕೊಂಡವರನ್ನು ಕಂಡಿದ್ದೇನೆ. ಸೂಜಿ, ಬ್ಲೇಡು ಬೇಡವೇ ಬೇಡ. ಆ ಚುಕ್ಕಿಗಳ ಮೇಲಿನ ಲೇಪ ಬಹಳ ತೆಳುವಾದದ್ದು, ಕೆರೆದರೆ ಒಳಗಿನ ಲೋಹ ಬೇಗ ಕಿಲುಬು ಹಿಡಿಯುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಟ್ಟಿಕ್ಕದಷ್ಟು ಮಾತ್ರ ಅದ್ದಿ ಮೆಲ್ಲಗೆ ಉಜ್ಜಿ. ದನಿ ಬರುವ ಜಾಲರಿಗೆ ತಾಗಿಸಬೇಡಿ. ಡಬ್ಬಿಯ ಒಳಗಿನ ಪಿನ್‌ಗಳಿಗೆ ಸ್ಪ್ರಿಂಗ್ ಇರುತ್ತದೆ, ಒತ್ತಿದರೆ ಒಳಹೋಗಿ ಮೇಲೆ ಬರಬೇಕು. ಅವುಗಳನ್ನೂ ಒರೆಸಿ. ಪೂರ್ತಿ ಒಣಗಿದ ಮೇಲೆ ಎರಡನ್ನೂ ಒಳಗಿಟ್ಟು, ಎರಡರ ದೀಪವೂ ಹತ್ತುವುದನ್ನು ಕಣ್ಣಾರೆ ನೋಡಿ, ಸ್ವಲ್ಪ ಹೊತ್ತು ಚಾರ್ಜ್ ಆಗಲು ಬಿಟ್ಟು, ಆಮೇಲೆ ಮತ್ತೊಮ್ಮೆ ರೀಸೆಟ್ ಮಾಡಿ. ಅದಕ್ಕೂ ಮುಂಚೆ ಫೋನಿನಲ್ಲಿ ಈಗಿರುವ ಜೋಡಣೆಯನ್ನು ಅಳಿಸುವುದನ್ನು ಮರೆಯಬೇಡಿ. ಎರಡೂ ಕಡೆ, ಪ್ರತಿಸಲವೂ.

ಪ್ರಶ್ನೆ ಕೇಳಿದವರು

ಎಡದ್ದರ ದೀಪ ಹತ್ತುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಎರಡು ಚುಕ್ಕಿಗಳಲ್ಲಿ ಒಂದು ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ಕಂದು ಬಣ್ಣದ ತೆಳುಪೊರೆ, ಒಣಗಿದ ಅಂಟಿನ ಹಾಗೆ. ಬೆವರೂ ಕಿವಿಯ ಗುಗ್ಗೆಯೂ ಸೇರಿ ಕಟ್ಟಿಕೊಂಡದ್ದು. ಬರಿಗಣ್ಣಿಗೆ ಅದು ಪ್ಲಾಸ್ಟಿಕ್ಕಿನದೇ ಬಣ್ಣದಂತೆ ಕಾಣುತ್ತಿತ್ತು. ಎರಡನೆಯ ಹತ್ತಿಕಡ್ಡಿಗೆ ಅದು ಬಿಟ್ಟುಕೊಂಡಿತು, ಕೆಳಗಿನ ಹೊಂಬಣ್ಣ ಕಂಡಿತು. ಡಬ್ಬಿಯಲ್ಲಿಟ್ಟ ಕೂಡಲೇ ದೀಪ ಹತ್ತಿತು. ಒಂದು ಗಂಟೆ ಕಾದು, ಫೋನಿನಲ್ಲಿ ಅಳಿಸಿ, ಮತ್ತೆ ರೀಸೆಟ್ ಮಾಡಿದೆ. ಈಗ ಎರಡೂ ಕಿವಿಗಳಲ್ಲಿ ದನಿ ಬರುತ್ತಿದೆ. ಮುಚ್ಚಳ ತೆರೆದರೆ ತಾನಾಗಿಯೇ ಸೇರಿಕೊಳ್ಳುತ್ತಿದೆ. ಮನೆಯೊಳಗೂ, ಹೊರಗೂ.

ರೌಟರನ್ನು ಮುಟ್ಟಲಿಲ್ಲ. ಮಗಳಿಗೆ ಬೇರೆ ಹೆಡ್‌ಫೋನ್ ತಂದುಕೊಟ್ಟಿದ್ದೇನೆ.

ಮೂವರಿಗೂ ಕೃತಜ್ಞತೆ. ನಿನ್ನೆ ರಾತ್ರಿ ಆ ಮುದ್ರಣವನ್ನು ಮೊದಲಿನಿಂದ ಕೇಳಿದೆ. ಸ್ಪೀಕರಿನಲ್ಲಿ ಕೇಳಿ ನಾನು ಏಳು ಕಡೆ ‘ಬಂದಿದ್ದ’ ಎಂದು ಬರೆದಿದ್ದೆ. ಅವರು ಹೇಳಿದ್ದು ‘ಬಂದಿದ್ದೆ’. ಏಳನ್ನೂ ತಿದ್ದಿದ್ದೇನೆ.