ಮೆಟ್ಟಿಲು ಇಳಿದವಳು, ಪೆಟ್ಟಿಗೆ ಇಳಿಸಿದವಳು

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಕನ್ನಡ ಲಿಪಿಯಲ್ಲೇ, ಪೂರ್ಣ ವಾಕ್ಯಗಳಲ್ಲೇ ಬರೆಯಬೇಕೆಂಬುದು ಪುಣೆಯ ಕೋಥರೂಡಿನಲ್ಲಿರುವ ಕಾಕಾ ಹಾಕಿದ ನಿಯಮ. ಫ್ರೆಂಚ್ ಕೂಡ ಅದಕ್ಕೆ ಹೊರತಲ್ಲ. ಭಾನುವಾರ ಬೆಳಿಗ್ಗೆ ಅವರೇ ಒಂದು ಚಿತ್ರ ಹಂಚಿದರು. ಒಂದು ಮನೆ, ಅದರ ಬಾಗಿಲು, ಮೆಟ್ಟಿಲು, ಮಾಳಿಗೆಗಳ ಮೇಲೆ ಬರೆದ 16 ಕ್ರಿಯಾಪದಗಳು, ಅಡಿಯಲ್ಲಿ ದಪ್ಪ ಅಕ್ಷರದ ಒಂದು ಸಾಲು: ‘ಪಾಸೆ ಕೋಂಪೋಝೆಯಲ್ಲಿ ಇವುಗಳಿಗೆ ಯಾವಾಗಲೂ ಎತ್ರ್.’ ಮುಂದೆ ನಡೆದ ಚರ್ಚೆಯನ್ನು ಶುಭೋದಯದ ಹೂವುಗಳನ್ನಷ್ಟೇ ತೆಗೆದು ಇಲ್ಲಿಡುತ್ತಿದ್ದೇನೆ.

ಕೋಥರೂಡ್ ಕಾಕಾ: ಹನ್ನೆರಡನೆಯ ತರಗತಿಯಲ್ಲಿ ಫ್ರೆಂಚ್ ತೆಗೆದುಕೊಂಡಿರುವ ನಮ್ಮ ಹುಡುಗಿಗೆ ಇದು ಉಪಯೋಗವಾಗುತ್ತದೆ. ನಡೆದುಹೋದದ್ದನ್ನು ಹೇಳಲು ಫ್ರೆಂಚರು ಎರಡು ಪದಗಳನ್ನು ಜೋಡಿಸುತ್ತಾರೆ, ಅದೇ ಪಾಸೆ ಕೋಂಪೋಝೆ: ಮೊದಲು ಸಹಾಯಕ ಕ್ರಿಯಾಪದದ ವರ್ತಮಾನ ರೂಪ, ಅನಂತರ ಮುಖ್ಯ ಕ್ರಿಯಾಪದದ ಕೃದಂತ. ಬಹುಪಾಲು ಕ್ರಿಯಾಪದಗಳಿಗೆ ಸಹಾಯಕ ಅವ್ವಾರ್, ಅಂದರೆ ‘ಹೊಂದಿರು’. ಚಲನೆಯನ್ನು ಹೇಳುವವುಗಳಿಗೆ ಎತ್ರ್, ಅಂದರೆ ‘ಇರು’. ಈ ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ತಂಗಿ: ಕಾಕಾ, ಇಂಥದ್ದೇ ಮನೆಯನ್ನು ನಂಬಿ ಕಳೆದ ವಾರ ಒಂದು ಅಂಕ ಕಳೆದುಕೊಂಡೆ. ‘ಅವಳು ಪೆಟ್ಟಿಗೆಯನ್ನು ಇಳಿಸಿದಳು’ ಎಂಬುದಕ್ಕೆ ಎತ್ರ್ ಹಾಕಿ ‘ಎಲ್ ಎ ದೆಸಾಂದ್ಯು ಲಾ ವಲೀಝ್’ ಎಂದು ಬರೆದಿದ್ದೆ. ಅವ್ವಾರ್ ಹಾಕಿ ‘ಎಲ್ ಆ ದೆಸಾಂದ್ಯು’ ಎನ್ನಬೇಕಿತ್ತು. ಚಲನೆಯ ಮಾತೂ ನಿಲ್ಲುವುದಿಲ್ಲ. ಮಾರ್ಶೆ ಎಂದರೆ ನಡೆ, ಕುರೀರ್ ಎಂದರೆ ಓಡು, ಎರಡಕ್ಕೂ ಅವ್ವಾರ್. ರೆಸ್ತೆ ಎಂದರೆ ಇದ್ದಲ್ಲೇ ಉಳಿ, ಅದಕ್ಕೆ ಎತ್ರ್.

ಕೋಥರೂಡ್ ಕಾಕಾ: ಒಂದು ಅಪವಾದಕ್ಕಾಗಿ ಇಡೀ ಮನೆಯನ್ನು ಕೆಡವಬೇಕೇನು?

ತಂಗಿ: ಒಂದಲ್ಲ, ಆರು. ಮೋಂತೆ (ಏರು), ದೆಸಾಂದ್ರ್ (ಇಳಿ), ಸೋರ್ತೀರ್ (ಹೊರಗೆ ಹೋಗು), ರಾಂತ್ರೆ (ಮರಳಿ ಒಳಗೆ ಬರು), ರತೂರ್ನೆ (ಹಿಂತಿರುಗು), ಪಾಸೆ (ಹಾದುಹೋಗು) ಇವೆಲ್ಲ ಒಮ್ಮೆ ಎತ್ರ್ ಜೊತೆಗೂ ಒಮ್ಮೆ ಅವ್ವಾರ್ ಜೊತೆಗೂ ಬರುತ್ತವೆ. ಚಿತ್ರದಲ್ಲಿರುವ ‘ಯಾವಾಗಲೂ’ ಎಂಬ ಪದವೇ ತಪ್ಪು.

ನಾನು: ಇಳಿ, ಇಳಿಸು ಎರಡಕ್ಕೂ ಫ್ರೆಂಚರ ಬಳಿ ಇರುವುದು ದೆಸಾಂದ್ರ್ ಒಂದೇ, ನಾವು ‘ಇಸು’ ಪ್ರತ್ಯಯದಿಂದ ತೋರಿಸುವ ವ್ಯತ್ಯಾಸವನ್ನು ಅವರು ಸಹಾಯಕ ಕ್ರಿಯಾಪದದಿಂದ ತೋರಿಸುತ್ತಾರೆ. ಆದ್ದರಿಂದ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡು: ‘ಇಳಿದಳು’ ಎಂದು ಬಂದರೆ ಎತ್ರ್, ‘ಇಳಿಸಿದಳು’ ಎಂದು ಬಂದರೆ ಅವ್ವಾರ್.

ತಂಗಿ: ಹಾಗಾದರೆ ‘ಅವಳು ಮೆಟ್ಟಿಲು ಇಳಿದಳು’ ಎಂಬುದಕ್ಕೆ ಏನು ಮಾಡಲಿ ಅಣ್ಣಾ? ಅಲ್ಲಿ ‘ಇಸು’ ಇಲ್ಲ, ಆದರೂ ಸರಿಯುತ್ತರ ‘ಎಲ್ ಆ ದೆಸಾಂದ್ಯು ಲೆಸ್ಕಾಲಿಯೆ’.

ಕಾಕಾ ನಗುವ ಮುಖವೊಂದನ್ನು ಕಳುಹಿಸಿದರು. ಅದು ಪೂರ್ಣ ವಾಕ್ಯವಲ್ಲವೆಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಷ್ಟರಲ್ಲಿ ಠಾಣೆ ಊರಿನಲ್ಲಿರುವ, ಶಾಲೆಯಲ್ಲಿ ಮರಾಠಿ ಕಲಿಸಿ ನಿವೃತ್ತರಾದ ಅತ್ಯಾ, ಅಂದರೆ ಸೋದರತ್ತೆ, ಬಂದರು.

ಠಾಣೆ ಅತ್ಯಾ: ಪುಣೆಯಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಇದನ್ನು ಮರಾಠಿಯಿಂದ ಏಕೆ ಹೇಳಬಾರದು? ‘ತೋ ಗೇಲಾ’, ‘ತೀ ಗೇಲೀ’ ಎನ್ನುವಾಗ ಕ್ರಿಯಾಪದ ಹೋದವರ ಲಿಂಗವನ್ನು ಹಿಡಿಯುತ್ತದೆ. ಅದೇ ‘ತಿನೇ ಆಂಬಾ ಖಾಲ್ಲಾ’, ‘ತಿನೇ ಪೋಳೀ ಖಾಲ್ಲೀ’ ಎನ್ನುವಾಗ ತಿಂದವಳು ಒಬ್ಬಳೇ ಆದರೂ ಕ್ರಿಯಾಪದ ಅವಳನ್ನು ಬಿಟ್ಟು, ಮರಾಠಿಯಲ್ಲಿ ಪುಲ್ಲಿಂಗವಾದ ಮಾವಿನ ಹಣ್ಣಿನ, ಸ್ತ್ರೀಲಿಂಗವಾದ ಪೋಳಿಯ (ಚಪಾತಿಯ) ಬೆನ್ನು ಹತ್ತುತ್ತದೆ. ನಮ್ಮ ಕನ್ನಡದ ‘ತಿಂದಳು’ ಎರಡು ಕಡೆಯೂ ತಿಂದವಳನ್ನೇ ಹಿಡಿದಿರುತ್ತದೆ. ಅಂದರೆ ಭೂತಕಾಲದಲ್ಲಿ ಮಾತನಾಡುವಾಗ ಕರ್ಮ ಇದೆಯೇ ಇಲ್ಲವೇ ಎಂದು ನೋಡುವುದು ಇವಳ ನಾಲಗೆಗೆ ಮರಾಠಿಯಿಂದಲೇ ರೂಢಿಯಾಗಿದೆ. ಕೇಳಬೇಕಾದದ್ದು ‘ಯಾವ ಕ್ರಿಯಾಪದ’ ಎಂದಲ್ಲ, ‘ಈ ವಾಕ್ಯದಲ್ಲಿ ಅದಕ್ಕೆ ನೇರ ಕರ್ಮವಿದೆಯೇ’ ಎಂದು. ಇವಳು ಕೊಟ್ಟ ವಾಕ್ಯದಲ್ಲಿ ಮೆಟ್ಟಿಲೂ ಪೆಟ್ಟಿಗೆಯಂತೆಯೇ ಕ್ರಿಯಾಪದಕ್ಕೆ ನೇರವಾಗಿ ಅಂಟಿಕೊಂಡಿದೆ, ಅದೇ ಕರ್ಮ.

ಕೋಥರೂಡ್ ಕಾಕಾ: ಅತ್ಯಾ ಹೇಳಿದ್ದೇ ನಿಯಮವಾದರೆ ‘ಎಲ್ ಸೆ ಲವೆ ಲೆ ಮ್ಯಾಂ’, ಅಂದರೆ ‘ಅವಳು ಕೈ ತೊಳೆದುಕೊಂಡಳು’ ಎಂಬಲ್ಲಿ ಕೈ ಕರ್ಮವಾಗಿದ್ದರೂ ಎತ್ರ್ ಹೇಗೆ ಬಂತು?

ತಂಗಿ: ಕಾಕಾ ಹಿಡಿದದ್ದು ಸರಿ. ನಮ್ಮ ‘ಕೊಳ್ಳು’ ಇದ್ದಂತೆ ಅವರಿಗೆ ‘ಸ’. ಅದು ಬಂದರೆ ಕರ್ಮವಿದ್ದರೂ ಇಲ್ಲದಿದ್ದರೂ ಎತ್ರ್. ಆ ಗುಂಪಿನ ಕ್ರಿಯಾಪದಗಳು ನಿಮ್ಮ ಚಿತ್ರದ ಮನೆಯೊಳಗೆ ಇಲ್ಲವೇ ಇಲ್ಲ. ಆರು ಕ್ರಿಯಾಪದಗಳ ಮಟ್ಟಿಗೆ ಅತ್ಯಾ ಹೇಳಿದ್ದೇ ಸರಿ, ಮರಾಠಿಗಿಂತ ಒಂದು ತೊಡಕು ಹೆಚ್ಚು ಅಷ್ಟೇ. ಮರಾಠಿಯಲ್ಲಿ ಪೋಳಿ ಎಲ್ಲಿದ್ದರೂ ‘ಖಾಲ್ಲೀ’. ಫ್ರೆಂಚಿನಲ್ಲಿ ಅವ್ವಾರ್ ಇದ್ದಾಗ ಕರ್ಮ ಮುಂಚೆಯೇ ಬಂದಿದ್ದರೆ ಮಾತ್ರ ಕೃದಂತ ಅದರ ಲಿಂಗವನ್ನು ಹಿಡಿಯುತ್ತದೆ. ‘ಎಲ್ ಆ ದೆಸಾಂದ್ಯು ಲಾ ವಲೀಝ್’ ಎಂಬಲ್ಲಿ ಬದಲಾವಣೆ ಇಲ್ಲ. ‘ಲಾ ವಲೀಝ್ ಕೆಲ್ ಆ ದೆಸಾಂದ್ಯು’, ಅಂದರೆ ‘ಅವಳು ಇಳಿಸಿದ ಪೆಟ್ಟಿಗೆ’ ಎಂಬಲ್ಲಿ ವಲೀಝ್ ಸ್ತ್ರೀಲಿಂಗವಾದ್ದರಿಂದ ಕೊನೆಗೆ ಕಿವಿಗೆ ಕೇಳದ ಒಂದು ಇ ಅಕ್ಷರ ಸೇರುತ್ತದೆ. 16ನೆಯ ಶತಮಾನದಲ್ಲಿ ಕ್ಲೆಮಾಂ ಮಾರೊ ಎಂಬ ಕವಿ ಇಟಾಲಿಯನ್ ಮಾದರಿಯನ್ನು ತೋರಿಸಿ ಎತ್ತಿಹಿಡಿದ ನಿಯಮವಿದು. ಫ್ರೆಂಚ್ ಮಕ್ಕಳೂ ಇದರಲ್ಲಿ ಎಡವುತ್ತಾರೆ.

ನಾನು: ಕವಿಗಳು ಕವಿತೆ ಬರೆದುಕೊಂಡಿದ್ದರೆ ನಿನ್ನ ಅಂಕಗಳು ಉಳಿಯುತ್ತಿದ್ದವು.

ಸಂಜೆ ಕಾಕಾ ಅದೇ ಚಿತ್ರವನ್ನು ತಿದ್ದಿ ಮತ್ತೆ ಹಾಕಿದರು. ‘ಯಾವಾಗಲೂ’ ಎಂಬುದನ್ನು ಹೊಡೆದುಹಾಕಿ ‘ನೇರ ಕರ್ಮವಿಲ್ಲದಿದ್ದರೆ’ ಎಂದು ಬರೆದಿದ್ದರು, ಆರು ಕ್ರಿಯಾಪದಗಳ ಸುತ್ತ ಕೆಂಪು ವೃತ್ತ ಎಳೆದಿದ್ದರು, ಬದಿಯಲ್ಲಿ ಉದಾಹರಣೆಗೆಂದು ‘ಅವಳು ಇಳಿಸಿದ ಪೆಟ್ಟಿಗೆ’ಯನ್ನು ಫ್ರೆಂಚ್ ಲಿಪಿಯಲ್ಲೇ ಬರೆದಿದ್ದರು.

ತಂಗಿ: ಕಾಕಾ, ಪೆಟ್ಟಿಗೆಯ ವಾಕ್ಯದ ಕೊನೆಯಲ್ಲಿ ಇ ಬಿಟ್ಟುಹೋಗಿದೆ.

ಕೋಥರೂಡ್ ಕಾಕಾ: ಕೇಳಿಸದ ಅಕ್ಷರಕ್ಕೂ ಅಂಕ ಕಳೆಯುತ್ತಾರೆಯೇ?

ತಂಗಿ: ಅರ್ಧ ಅಂಕ ಕಳೆಯುತ್ತಾರೆ ಕಾಕಾ.