ಹಳೇ ಡಿಜಿಟಲ್ ಕ್ಯಾಮೆರಾದಲ್ಲೇ ಖುಷಿಯಾಗಿರೋರು ಇದೀರಾ? ನಿಮ್ಮ ಅನುಭವ ಹೇಳಿ

ಕೇಳಿದವರು (ಶಿವಮೊಗ್ಗ): ನನ್ನ ಹತ್ರ ಇರೋದು ನಿಕಾನ್ ಡಿ90. 2008ರಲ್ಲಿ ಬಂದ ಮಾಡೆಲ್, 12.3 ಮೆಗಾಪಿಕ್ಸೆಲ್. ಜೊತೆಗೆ ಕ್ಯಾಮೆರಾ ಸಮೇತ ಬಂದ 18-105 ಕಿಟ್ ಲೆನ್ಸ್, ಇನ್ನೊಂದು 50 ಎಂಎಂ ಎಫ್/1.8ಡಿ, ಕಮ್ಮಿ ಬೆಳಕಲ್ಲೂ ನಡೆಯೋ ಲೆನ್ಸ್. ಮನೆಯವರ ಫೋಟೋ, ಊರ ಜಾತ್ರೆ, ಮಳೆಗಾಲದ ತೋಟ, ಇಷ್ಟೇ ನನ್ನ ವಿಷಯ. ಜೊತೆಯವರೆಲ್ಲ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಗೆ) ಹೋದ್ರು. ಹೊಸ ಮಾಡೆಲ್ ಬಂದಾಗಲೆಲ್ಲ ರಾತ್ರಿ ಕೂತು ರಿವ್ಯೂ ನೋಡ್ತೀನಿ, ಬೆಳಗ್ಗೆ ನನ್ನ ಕ್ಯಾಮೆರಾ ಕೈಗೆ ತಗೊಳ್ಳೋಕೇ ಮನಸ್ಸಾಗಲ್ಲ. ಒಂದೂವರೆ ಲಕ್ಷ ಹಾಕಿ ಬದಲಾಯಿಸ್ಲಾ? ಇಲ್ಲಾ ಇದರಲ್ಲೇ ತೃಪ್ತಿಯಿಂದ ಇರೋದು ಸಾಧ್ಯವಾ? ಅನುಭವ ಇರೋರು ದಯವಿಟ್ಟು ಹೇಳಿ.

ಮೈಸೂರಿನಿಂದ: ನಾನೂ ಡಿ90 ಬಳಸೋನೇ, ಇವತ್ತಿಗೂ. ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಮೆಗಾಪಿಕ್ಸೆಲ್ ಲೆಕ್ಕ ಮುಗಿಸಿಬಿಡೋಣ, ಮನಸ್ಸು ಕೆಡಿಸೋದು ಅದೇ. ನಮ್ಮ ಕ್ಯಾಮೆರಾದ ಫೋಟೋ 4288 ಪಿಕ್ಸೆಲ್ ಅಗಲ, 2848 ಎತ್ತರ. ಇಂಚಿಗೆ 300 ಪಿಕ್ಸೆಲ್‌ನಂತೆ ಪ್ರಿಂಟ್ ಹಾಕಿಸಿದ್ರೂ 14 ಇಂಚು ಅಗಲ, 9 ಇಂಚಿನ ಮೇಲೆ ಎತ್ತರ ಬರುತ್ತೆ. ಗೋಡೆಗೆ ಹಾಕೋ 12×8ಕ್ಕೆ ಧಾರಾಳವಾಗಿ ಸಾಕು. ಫುಲ್ ಎಚ್‌ಡಿ ಟಿವಿ ಪರದೆ ತುಂಬೋಕೆ ಬೇಕಿರೋದು ಎರಡು ಮೆಗಾಪಿಕ್ಸೆಲ್, 4ಕೆ ಟಿವಿಗೂ ಎಂಟು ಚಿಲ್ಲರೆ. ಇನ್ನು 12ರಿಂದ 24ಕ್ಕೆ ಹೋದ್ರೆ ಫೋಟೋ ಎರಡರಷ್ಟು ದೊಡ್ಡದಾಗುತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಹೆಚ್ಚಾದ ಪಿಕ್ಸೆಲ್‌ಗಳು ಅಗಲಕ್ಕೂ ಎತ್ತರಕ್ಕೂ ಹಂಚಿಹೋಗೋದ್ರಿಂದ ಒಂದೊಂದು ಕಡೆ ಸಿಗೋದು ಸುಮಾರು 1.4 ಪಟ್ಟು ಅಷ್ಟೇ. ಪ್ರಿಂಟ್ ಪಕ್ಕದಲ್ಲಿಟ್ಟು ನೋಡಿದ್ರೆ ಮನೆಯವರಿಗೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ.

ಇನ್ನೊಂದು ವಿಷಯ ಅಂಗಡಿಯಲ್ಲಿ ತಾವಾಗಿ ಹೇಳೋದು ಕಡಿಮೆ. ನಿಮ್ಮ 50 ಎಂಎಂ ಎಫ್/1.8ಡಿ ಲೆನ್ಸಿನೊಳಗೆ ಫೋಕಸ್ ಮೋಟರ್ ಇಲ್ಲ. ಡಿ90 ಬಾಡಿಯೊಳಗೇ ಮೋಟರ್ ಇರೋದಕ್ಕೆ ಅದರಲ್ಲಿ ಆಟೋಫೋಕಸ್ ಆಗ್ತಿದೆ. ನಾಳೆ ನಿಕಾನ್ ಝಡ್ ಅನ್ನೋ ಮಿರರ್‌ಲೆಸ್ ಬಾಡಿ ತಗೊಂಡು, ಹಳೇ ಲೆನ್ಸ್ ಕೂರಿಸೋ ಕಂಪನಿಯ ಎಫ್‌ಟಿಝಡ್ ಅಡಾಪ್ಟರ್ ಹಾಕಿದ್ರೂ ಆ ಲೆನ್ಸು ಕೈಯಲ್ಲೇ ಫೋಕಸ್ ಮಾಡೋ ಲೆನ್ಸಾಗುತ್ತೆ. ಅಂದ್ರೆ ಬಾಡಿಯ ಹಿಂದೆ ಲೆನ್ಸ್ ಖರ್ಚೂ ಬರುತ್ತೆ. ಬ್ಯಾಟರಿನೂ ಅಷ್ಟೇ. ಡಿ90ರದ್ದು ಒಂದು ಚಾರ್ಜಿಗೆ 850 ಫೋಟೋ ಅಂತ ಕಂಪನಿಯ ಲೆಕ್ಕ, ಬಹಳಷ್ಟು ಮಿರರ್‌ಲೆಸ್‌ಗಳಲ್ಲಿ ಅದರ ಅರ್ಧ ಸಿಕ್ಕಿದ್ರೆ ಹೆಚ್ಚು.

ನಾನು ನಿಮಗೆ ಹೇಳೋ ಕೆಲಸ ಒಂದೇ. ಹೋದ ವರ್ಷದ ಫೋಟೋಗಳಲ್ಲಿ ನಿಮಗೆ ಸಮಾಧಾನ ಆಗದೇ ಇರೋದನ್ನ ಬೇರೆ ತೆಗೆದಿಡಿ. ಒಂದೊಂದರ ಎದುರಿಗೆ ಏನು ಕೆಟ್ಟಿದೆ ಅಂತ ಬರೀರಿ. ಕೈ ಅಲುಗಿದೆ, ಮಧ್ಯಾಹ್ನದ ಬಿಸಿಲಲ್ಲಿ ಮುಖ ಕಪ್ಪಾಗಿದೆ, ಮಗು ನಕ್ಕ ಮೇಲೆ ಒತ್ತಿದ್ದೀನಿ, ಹಿಂದೆ ತಂತಿ-ಕಂಬ ಬಂದಿದೆ, ಹೀಗೆ. ಸೆನ್ಸರ್‌ನಿಂದಲೇ (ಒಳಗೆ ಬೆಳಕು ಹಿಡಿಯೋ ಚಿಪ್‌ನಿಂದಲೇ) ಹಾಳಾಗಿದೆ ಅನ್ನೋ ಫೋಟೋ ಎಷ್ಟು ಸಿಗುತ್ತೆ ನೋಡಿ. ಅವು ಬಹಳ ಸಿಕ್ಕಿದ್ರೆ ಸಂಕೋಚ ಇಲ್ಲದೆ ಹೊಸದು ತಗೊಳ್ಳಿ, ಅದು ನ್ಯಾಯವಾದ ಕಾರಣ. ಸಿಗದೇ ಹೋದ್ರೆ ನಿಮಗೆ ಬೇಕಾಗಿರೋದು ಬೇರೆ ಏನೋ.

ತೃಪ್ತಿ ಹೇಗೆ ಅಂತ ಕೇಳಿದ್ರಲ್ಲ. ನನಗೆ ಅದು ಕೈಯಿಂದ ಬಂತು. ಪರದೆಯ ಎಡಪಕ್ಕದ ಸಾಲಿನಲ್ಲಿರೋ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದನ್ನ ಬದಲಿಸೋ) ಬಟನ್‌ಗೆ ಕತ್ತಲಲ್ಲೂ ಬೆರಳು ತಾನಾಗೇ ಹೋಗುತ್ತೆ. ಹಿಂದಿನ ಚಕ್ರ ಎಷ್ಟು ಸಲ ಟಿಕ್ ಅಂದ್ರೆ ಶಟರ್ ಎಲ್ಲಿಗೆ ಬಂತು ಅಂತ ನೋಡದೆ ಗೊತ್ತಾಗುತ್ತೆ. ದಸರಾ ಮೆರವಣಿಗೆಯ ನೂಕುನುಗ್ಗಲಲ್ಲಿ ಕಣ್ಣು ಆನೆ ಮೇಲೆ, ಮಾವುತನ ಮೇಲೇ ಇರುತ್ತೆ, ಮೆನು ಹುಡುಕ್ತಾ ಬಗ್ಗಬೇಕಾಗಲ್ಲ. ಆ ಪಳಗಿದ ಕೈಯನ್ನ ಬಿಟ್ಟುಕೊಡೋಕೆ ನನಗೆ ಇಷ್ಟ ಇಲ್ಲ.

ಬೆಂಗಳೂರು, ರಾಜಾಜಿನಗರದಿಂದ: ನಮ್ಮನೇಲಿ ಇನ್ನೂ ಹಳೇದು, ಕ್ಯಾನನ್ ಪವರ್‌ಶಾಟ್ ಎ570, 2007ರದ್ದು, ಏಳು ಮೆಗಾಪಿಕ್ಸೆಲ್. ಎರಡು ಪೆನ್ಸಿಲ್ ಸೆಲ್ ಹಾಕಿದ್ರೆ ಓಡುತ್ತೆ, ಚಾರ್ಜ್ ಆಗೋ ಸೆಲ್ ಇಟ್ಕೊಂಡಿದೀನಿ. ಮಗಳಿಗೆ ಹತ್ತು ವರ್ಷ, ಅವಳ ಕೈಗೆ ಕೊಟ್ಟಿದೀನಿ. ಮೊಬೈಲ್ ಕೊಟ್ರೆ ಎರಡು ನಿಮಿಷಕ್ಕೆ ವಿಡಿಯೋ ನೋಡ್ತಾ ಕೂರ್ತಾಳೆ. ಇದರಲ್ಲಿ ಫೋಟೋ ತೆಗೆಯೋದು ಬಿಟ್ರೆ ಬೇರೇನೂ ಇಲ್ಲ, ಹಾಗಾಗಿ ಬೆಳಕು ಎಲ್ಲಿಂದ ಬರ್ತಿದೆ ಅಂತ ಅವಳೇ ನೋಡೋಕೆ ಶುರು ಮಾಡಿದಾಳೆ. ನನಗೆ ಇಷ್ಟು ಸಾಕು.

ಹುಬ್ಬಳ್ಳಿಯ ಸ್ಟುಡಿಯೋದವರು: ನೋಡ್ರಿ, ನಾ ಲಗ್ನದ ಫೋಟೋ ತೆಗಿಯಾಂವ. ನಮ್ಮ ಆಲ್ಬಮ್‌ದಾಗ ಬಿಚ್ಚಿದ ಹಾಳಿ 12×36 ಇಂಚ್ ಇರ್ತೈತಿ, ಅಂದ್ರ ಒಂದ್ ಬದಿಗೆ 12×18. ಇಂಚಿಗೆ 200 ಪಿಕ್ಸೆಲ್ ಹಿಡಿದ್ರ 3600×2400 ಬೇಕಾಕ್ಕೈತಿ, ಒಂಬತ್ತು ಮೆಗಾಪಿಕ್ಸೆಲ್‌ಕ್ಕಿಂತ ಕಡಿಮಿನ. ಕೈಯಾಗ ಹಿಡಿದು ನೋಡೂ ಆಲ್ಬಮ್ಮಿಗೆ ಅದು ಚಲೋನ ಬರ್ತೈತಿ. ಇವತ್ತಿಗೂ ನಮ್ಮ ಷೋಕೇಸಿನ್ಯಾಗ ಇಟ್ಟ ಹಳೀ ಆಲ್ಬಮ್ 12 ಮೆಗಾಪಿಕ್ಸೆಲ್ ಕ್ಯಾಮೆರಾದ್ದು, ಗಿರಾಕಿಗಳು ಅದನ್ನ ನೋಡೇ ಅಡ್ವಾನ್ಸ್ ಕೊಡ್ತಾರ.

ಆದ್ರ ನಾ ಹೊಸಾ ಬಾಡಿ ತೊಗೊಂಡೀನಿ. ಕಾರಣ ಕೇಳ್ರಿ: ಎರಡು ಕಾರ್ಡ್ ಹಾಕೂ ಜಾಗ. ಡಿ90ದಾಗ ಒಂದ ಕಾರ್ಡ್. ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ಕಾರ್ಡ್ ಕೈಕೊಟ್ರ ಮತ್ತೊಮ್ಮೆ ಲಗ್ನ ಮಾಡಸಾಕ ಬರೂದಿಲ್ಲ. ಮಂದೀ ರೊಕ್ಕಾ ತೊಗೊಂಡು ಕೆಲಸ ಮಾಡಾವ್ರಿಗೆ ಇದು ಬೇಕ ಬೇಕು. ನೀವು ಮನಿಯವರ ಫೋಟೋ ತೆಗೀತೀರಿ, ನಿಮಗ್ಯಾಕ ಆ ಚಿಂತಿ? ಆ ರೊಕ್ಕದಾಗ ಸ್ವಲ್ಪ ತೆಗೆದು ಪ್ರಿಂಟ್ ಹಾಕಸ್ರಿ. ಹಾರ್ಡ್‌ಡಿಸ್ಕಿನ್ಯಾಗ ಬಿದ್ದ ಫೋಟೋ ಅವ್ವ-ಅಪ್ಪ ಯಾವಾಗ ನೋಡಬೇಕು?

ಪುತ್ತೂರಿನಿಂದ: ರಾತ್ರಿ ಫೋಟೋಕ್ಕೆ ಹಳೇ ಕ್ಯಾಮೆರಾ ಆಗುವುದಿಲ್ಲ ಅಂತ ಹೇಳುವವರು ತುಂಬಾ ಜನ ಉಂಟು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಯಕ್ಷಗಾನ ಬಿಟ್ಟು ಬೇರೆ ಫೋಟೋ ತೆಗೆಯುವುದೇ ಅಪರೂಪ. ಕ್ಯಾಮೆರಾ ಕ್ಯಾನನ್ 5ಡಿ, 2005ರ ಮೊದಲನೆಯದ್ದು, ಫುಲ್ ಫ್ರೇಮ್, ಅಂದರೆ ಹಳೆಯ 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್. ನಾನು ಐಎಸ್‌ಒ 1600ರ ಮೇಲೆ ಹೋಗುವುದಿಲ್ಲ. 85 ಎಂಎಂ ಎಫ್/1.8 ಹಾಕಿ, ಎಫ್/2ರಲ್ಲಿಟ್ಟು ತೆಗೆಯುತ್ತೇನೆ. ಈಗಿನ ರಂಗಸ್ಥಳದ ದೀಪಕ್ಕೆ ಅದು ಸಾಕಾಗುತ್ತದೆ.

ತೊಂದರೆ ಕೊಡುವುದು ಕತ್ತಲೆ ಅಲ್ಲ ಮಾರಾಯ್ರೆ, ಕಿರೀಟ. ಬಂಗಾರದ ಬಣ್ಣದ ಕಿರೀಟಕ್ಕೆ, ಎದೆಕಟ್ಟಿಗೆ ದೀಪ ನೇರ ಬಿದ್ದರೆ ಅಲ್ಲಿ ಪೂರ್ತಿ ಬಿಳಿ ಆಗಿಬಿಡುತ್ತದೆ, ಮತ್ತೆ ಯಾವ ಸಾಫ್ಟ್‌ವೇರಿನಿಂದಲೂ ಅದು ವಾಪಸು ಬರುವುದಿಲ್ಲ. ಆದ್ದರಿಂದ ಮ್ಯಾನ್ಯುಯಲ್‌ನಲ್ಲಿಟ್ಟು ಕಿರೀಟ ಉಳಿಯುವಷ್ಟು ಕಡಿಮೆ ಬೆಳಕಿಗೆ ತೆಗೆದು, ಮುಖದ ನೆರಳನ್ನು ಆಮೇಲೆ ರಾ ಫೈಲಿನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ಫೈಲ್) ಸ್ವಲ್ಪ ಮೇಲೆತ್ತುತ್ತೇನೆ.

ಇದು ಸೆಕೆಂಡಿಗೆ ಮೂರೇ ಫೋಟೋ ತೆಗೆಯುವ ಕ್ಯಾಮೆರಾ. ಪುಂಡುವೇಷ (ಚುರುಕಾಗಿ ಕುಣಿಯುವ ಯುವವೀರನ ವೇಷ) ದಿಗಿಣ ಹಾರುವಾಗ, ಅಂದರೆ ತಿರುಗುತ್ತಾ ಮೇಲಕ್ಕೆ ಜಿಗಿಯುವಾಗ, ಒತ್ತಿ ಹಿಡಿದರೆ ಏನೂ ಸಿಕ್ಕುವುದಿಲ್ಲ. ಚೆಂಡೆ ಕೇಳಬೇಕು. ಪೆಟ್ಟು ಏರುತ್ತಾ ಬರುವಾಗಲೇ ತಯಾರಾಗಿ, ದೇಹ ಮೇಲಕ್ಕೆ ಹೋಗಿ ಇನ್ನೇನು ಕೆಳಗೆ ಬರಬೇಕು ಅನ್ನುವ ಆ ತುದಿಯಲ್ಲಿ ಒಂದೇ ಸಲ ಒತ್ತಬೇಕು. ಅಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಶಟರ್ 1/250 ಸೆಕೆಂಡಿಗೇ ದೇಹ ನಿಲ್ಲುತ್ತದೆ. ತಿರುಗುವ ಬಟ್ಟೆಯ ಅಂಚು ಸ್ವಲ್ಪ ಮಸುಕಾದರೆ ನನಗೆ ಅದೇ ಚಂದ. ಸೆಕೆಂಡಿಗೆ ಇಪ್ಪತ್ತು ತೆಗೆಯುವ ಕ್ಯಾಮೆರಾ ಇದ್ದಿದ್ದರೆ ನಾನು ಚೆಂಡೆಯನ್ನು ಇಷ್ಟು ಕೇಳುತ್ತಿರಲಿಲ್ಲ.

ರಾತ್ರಿ ಫೋಟೋದಲ್ಲಿ ಕಾಳು ಕಾಳು ಕಾಣುತ್ತದೆ ಅಂತ ಬೇಸರ ಆದರೆ ಡಾರ್ಕ್‌ಟೇಬಲ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ನಿಮ್ಮ ಡಿ90ರ ರಾ ಫೈಲ್ ಅದರಲ್ಲಿ ತೆರೆಯುತ್ತದೆ. ನಿಕಾನ್ ಕಂಪನಿಯದ್ದೇ ಎನ್‌ಎಕ್ಸ್ ಸ್ಟುಡಿಯೋ ಕೂಡ ಉಚಿತ ಉಂಟು. ಕ್ಯಾಮೆರಾ ಹಳೆಯದಾದರೂ ಸಾಫ್ಟ್‌ವೇರ್ ವರ್ಷ ವರ್ಷ ಒಳ್ಳೆಯದಾಗುತ್ತಾ ಬಂದಿದೆ. ಹತ್ತು ವರ್ಷದ ಹಿಂದಿನ ರಾ ಫೈಲನ್ನು ಈಗ ಮತ್ತೊಮ್ಮೆ ತೆರೆದು ನೋಡಿ, ಆಶ್ಚರ್ಯ ಆಗುತ್ತದೆ.

ಮದ್ದೂರಿನಿಂದ: ಇಲ್ಲಿ ಎಲ್ಲರೂ ಒಂದೇ ಕಡೆ ಮಾತಾಡ್ತಿದೀರಿ, ನಾನು ಇನ್ನೊಂದು ಕಡೇದನ್ನೂ ಹೇಳ್ಬೇಕು. ನಾನು ಪಕ್ಷಿ ತೆಗೆಯೋನು. ಕೊಕ್ಕರೆ ಬೆಳ್ಳೂರಲ್ಲಿ ಹುಣಸೆ ಮರದ ಮೇಲೆ ಗೂಡು ಕಟ್ಟಿ ಕೂತಿರೋ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಇವನ್ನ ತೆಗೆಯೋಕೆ ಯಾವ ಕ್ಯಾಮೆರಾನೂ ಸಾಕು. ಹೆಜ್ಜಾರ್ಲೆ ರೆಕ್ಕೆ ಚಾಚಿ ನಿಧಾನಕ್ಕೆ ಇಳಿಯೋದನ್ನೂ ಡಿ90 ಹಿಡಿಯುತ್ತೆ. ಆದ್ರೆ ನೀರಿನ ಮೇಲೆ ಸುಯ್ ಅಂತ ಹೋಗೋ ಮಿಂಚುಳ್ಳಿ? 11 ಫೋಕಸ್ ಪಾಯಿಂಟ್, ಸೆಕೆಂಡಿಗೆ ನಾಲ್ಕೂವರೆ ಫೋಟೋ, ಇದರಲ್ಲಿ ಅದು ಅದೃಷ್ಟದ ಮಾತು. ಈಗಿನ ಕ್ಯಾಮೆರಾ ಹಕ್ಕಿಯ ಕಣ್ಣನ್ನೇ ಗುರುತು ಹಿಡಿದು ಬೆನ್ನಟ್ಟುತ್ತೆ. ಅದು ನಿಜವಾದ ಉಪಕಾರ, ಸುಮ್ನೆ ಜಾಹೀರಾತು ಅಂತ ತಳ್ಳಿಹಾಕ್ಬಾರ್ದು.

ಆದ್ರೂ ಹೊಸದಕ್ಕೇ ಹೋಗ್ಬೇಕು ಅಂತ ಇಲ್ಲ. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ500. ಅದೂ 2016ರದ್ದು, ಆದ್ರೆ 153 ಫೋಕಸ್ ಪಾಯಿಂಟ್, ಸೆಕೆಂಡಿಗೆ ಹತ್ತು ಫೋಟೋ. ನಿಮ್ಮ ಡಿ90ರ ಲೆನ್ಸುಗಳು ಹಾಗೇ ಕೂರುತ್ತೆ, ನಿಮ್ಮ 50 ಎಂಎಂ ಡಿ ಕೂಡ ಆಟೋಫೋಕಸ್ ಸಮೇತ. ಜನ ಮಿರರ್‌ಲೆಸ್‌ಗೆ ಓಡ್ತಿರೋದ್ರಿಂದ ಡಿ90 ತರಹ ಕನ್ನಡಿ ಇರೋ ಒಳ್ಳೊಳ್ಳೇ ಡಿಎಸ್‌ಎಲ್‌ಆರ್‌ಗಳು ಕಡಿಮೆ ಬೆಲೆಗೆ ಬರ್ತಿವೆ. ತಗೊಳ್ಳೋ ಮುಂಚೆ ಶಟರ್ ಎಷ್ಟು ಸಲ ಬಿದ್ದಿದೆ ಅಂತ ಕೇಳಿ ಖಾತ್ರಿ ಮಾಡ್ಕೊಳ್ಳಿ. ಉದಾಹರಣೆಗೆ ಡಿ90ರ ಶಟರ್‌ನ ಕಂಪನಿ ಒಂದು ಲಕ್ಷ ಸಲಕ್ಕೆ ಪರೀಕ್ಷೆ ಮಾಡಿತ್ತು. ಅದು ದಾಟಿದ ಕೂಡ್ಲೆ ನಿಂತುಹೋಗುತ್ತೆ ಅಂತ ಅರ್ಥ ಅಲ್ಲ, ಬೆಲೆ ಮಾತಾಡೋಕೆ ಒಂದು ಆಧಾರ.

ಕೇಳಿದವರು (ಶಿವಮೊಗ್ಗ): ಎಲ್ಲರಿಗೂ ಧನ್ಯವಾದ. ಮೈಸೂರಿನವರು ಹೇಳಿದ ಹಾಗೆ ಪಟ್ಟಿ ಮಾಡ್ತಾ ಕೂತಿದೀನಿ. ಇಲ್ಲೀತನಕ ಬಂದಿರೋದ್ರಲ್ಲಿ ಹೆಚ್ಚಿನವು ಒಳಾಂಗಣದ ಫೋಟೋ, ಕಿಟ್ ಲೆನ್ಸಲ್ಲಿ ಶಟರ್ ನಿಧಾನವಾಗಿ ಅಲುಗಿದ್ದು. 50 ಎಂಎಂ ಬ್ಯಾಗಲ್ಲೇ ಇತ್ತು, ಬಳಸ್ತಿರಲಿಲ್ಲ. ಇನ್ನೊಂದು ಪ್ರಶ್ನೆ: ಇದನ್ನೇ ಇಟ್ಕೊಳ್ಳೋದಾದ್ರೆ ನಮ್ಮ ಕಡೆ ಮಳೆಯಲ್ಲಿ ಕಾಪಾಡೋದು ಹೇಗೆ?

ಸಾಗರದಿಂದ: ಮಲೆನಾಡಲ್ಲಿ ಕ್ಯಾಮೆರಾ ಸಾಯೋದು ವಯಸ್ಸಾಗಿ ಅಲ್ಲ, ಬೂಸ್ಟು ಹಿಡಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಬ್ಯಾಗಲ್ಲಿ, ಅದರಲ್ಲೂ ಚರ್ಮದ ಕೇಸಲ್ಲಿ ಇಡಲೇಬೇಡಿ, ತೇವ ಹೀರಿ ಇಟ್ಕೊಳ್ಳುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸೋ ಒಂದು ಸಣ್ಣ ಮೀಟರ್. ನೂರಕ್ಕೆ 40ರಿಂದ 50ರ ನಡುವೆ ಇದ್ರೆ ಒಳ್ಳೇದು. ತೀರಾ ಒಣಗಿಸೋದೂ ಬೇಡ, ರಬ್ಬರಿಗೆ ಒಳ್ಳೇದಲ್ಲ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿ ಆಗುತ್ತೆ. ಆ ಬಣ್ಣದಲ್ಲಿ ಕೋಬಾಲ್ಟ್ ಇರುತ್ತೆ, ಅದಕ್ಕೇ ಬಾಣಲೆ ಬೇರೆ ಇರಲಿ, ಮಕ್ಕಳ ಕೈಗೂ ಸಿಗದಿರಲಿ.

ಬ್ಯಾಟರಿ ತಿಂಗಳುಗಟ್ಟಲೆ ಬಳಸಲ್ಲ ಅಂದ್ರೆ ಪೂರ್ತಿ ಚಾರ್ಜೂ ಬೇಡ, ಪೂರ್ತಿ ಖಾಲಿನೂ ಬೇಡ, ಅರ್ಧ ಇಟ್ಟು ಹೊರಗೆ ತೆಗೆದಿಡಿ. ಕಾರ್ಡ್ ತಗೊಳ್ಳೋವಾಗ 32 ಜಿಬಿಗಿಂತ ದೊಡ್ಡದು ಬೇಡ, ಡಿ90 ಬಂದ ಕಾಲದ್ದು ಎಸ್‌ಡಿಎಚ್‌ಸಿ, ಅಂದ್ರೆ 32 ಜಿಬಿವರೆಗಿನ ಕಾರ್ಡ್ ಬಗೆ. ಹಿಡಿಯ ರಬ್ಬರ್ ಅಂಟಂಟಾಗಿ ಎದ್ದು ಬಂದಿದ್ರೆ ಹೆದರಬೇಡಿ, ಬೇರೆ ಸಿಗುತ್ತೆ, ಅಂಟಿಸಿಕೊಂಡ್ರಾಯ್ತು.

ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆಯಾದ್ರೂ ಹೊರಗೆ ತೆಗೆದು ಬೆಳಕಿಗೆ ಹಿಡಿದು ಬಳಸಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದ್ರೆ ಬೂಸ್ಟು ಜೇಡರ ಬಲೆಯ ಎಳೆಯಂತೆ ಕಾಣುತ್ತೆ. ಹಾಗೆ ಕಂಡ ಲೆನ್ಸನ್ನ ಬೇರೆ ಡಬ್ಬದಲ್ಲಿಟ್ಟು, ಈ ಮಳೆ ಮುಗಿಯೋಕೆ ಕಾಯದೆ ಕ್ಲೀನಿಂಗ್‌ಗೆ ಕೊಡಿ.